ಚಪ್ಪಲಿ ಜೋಪಾನ ಮಾಡಿದ ದಿನ

ಮಸಿಬಟ್ಟೆಗೆಂದು ಹಳೆಯ ಫ್ರಾಕೊಂದನ್ನು ಕತ್ತರಿಸಲು ಕೂತಿದ್ದೆ. ಕೆಳಗಿನ ಅಂಚಿನ ಹತ್ತಿರ ಕತ್ತರಿಗೆ ಏನೋ ದಪ್ಪಗೆ ಅಡ್ಡ ಬಂತು. ತಿರುವಿ ನೋಡಿದರೆ ಒಳಗಡೆ ಒಂದು ತುಂಡು ಬಿಳಿ ಬಟ್ಟೆ, ಅದರ ಮೇಲೆ ಕೆಂಪು ದಾರದಲ್ಲಿ ಸೊಟ್ಟ ಅಕ್ಷರ. ಹೊಲಿದವಳು ನಾನೇ. ಏನು ಬರೆದಿದೆ ಎಂದು ಕೇಳಬೇಡಿ, ಆ ಲಿಪಿ ನನಗೆ ಓದಲು ಬರುವುದಿಲ್ಲ. ಕತ್ತರಿ ಕೆಳಗಿಟ್ಟೆ.

ಫ್ರಾಕು ಮೊಮ್ಮಗಳು ಗೌರಿಯದು. ಈಗ ಅವಳಿಗೆ ಹನ್ನೊಂದು, ಆಗ ಐದು. ಸೊರಬಕ್ಕೆ ಕೊಟ್ಟ ನನ್ನ ಮಗಳು ಸುಮಾ, ಅಳಿಯ, ಗೌರಿ, ಸುಮಾಳ ಕಂಕುಳಲ್ಲಿ ಒಂದು ವರ್ಷದ ಗಂಡುಕೂಸು, ಜೊತೆಗೆ ನಾನು, ಹೀಗೆ ಐದು ಜನ ಪಶುಪತಿನಾಥನನ್ನು ನೋಡಲು ನೇಪಾಳಕ್ಕೆ ಹೋಗಿದ್ದೆವು. "ನೇಪಾಳ ಎಂಥಾ ಫಾರಿನ್ನು ಬಿಡ್ರೀ, ಪಾಸ್‌ಪೋರ್ಟೂ ಬ್ಯಾಡ" ಎಂದು ಬೀಗಿತ್ತಿ ಮೂಗು ಮುರಿದಿದ್ದಳು. ಯಾವುದು ಪರದೇಶ ಎನ್ನುವುದು ಮಗು ಕೈತಪ್ಪಿದ ಮೇಲೆ ತಿಳಿಯುತ್ತದೆ.

ಹೊರಡುವ ಮುಂಚೆ ಮಗಳು ಜ್ವರದ ಔಷಧಿ ಇಟ್ಟುಕೊಂಡಳು, ಅಳಿಯ ಕಾಗದಪತ್ರ ಜೋಡಿಸಿದ. ನಾನು ಖಡಕ್ ರೊಟ್ಟಿ, ಶೇಂಗಾ ಚಟ್ನಿಪುಡಿ ಕಟ್ಟಿಕೊಂಡು ಗೌರಿಗೆ ಪಾಠ ಹೇಳಿದೆ. ಸಂತೆಗೆ ಹೊರಟಾಗ ನಮ್ಮವ್ವ ನನಗೆ ಹೇಳುತ್ತಿದ್ದ ಪಾಠ ಅದು: "ತಪ್ಪಿಸ್ಕೊಂಡ್ರೆ ಓಡಾಡಬ್ಯಾಡ. ಏನಾರ ಮಾರೋ ಹೆಂಗಸಿನ ಪಕ್ಕ ಕುಂದ್ರು. ಯಾರ ಮನೇಳು ಅಂದ್ರೆ ಬೆಲ್ಲದಂಗಡಿಯೋರ ಮೊಮ್ಮಗಳು ಅನ್ನು."

ನಮ್ಮ ಬೆಲ್ಲದಂಗಡಿ ಮುಚ್ಚಿ ಎಷ್ಟೋ ಕಾಲವಾಯಿತು. ಆದರೂ ಶಿಕಾರಿಪುರದಲ್ಲಿ ಹಾಗೆಂದರೆ ಯಾರಾದರೂ ಮನೆ ಬಾಗಿಲಿಗೆ ತಂದು ಬಿಡುತ್ತಾರೆ. ಸುಮಾ ಚಿಕ್ಕವಳಿದ್ದಾಗ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡು ಇದೇ ಮಾತು ಹೇಳಿದ್ದಳು. ಬಾಳೆಹಣ್ಣು ಮಾರುವವಳು ಎರಡು ಹಣ್ಣು ತಿನ್ನಿಸಿ, ಕಂಡಕ್ಟರಿಗೆ ಹೇಳಿ ಬಸ್ಸಿನಲ್ಲಿ ಕಳಿಸಿದ್ದಳು. ಮಗು ಕಳೆಯಿತೆಂದು ನಾನು ಸೊರಬದಲ್ಲಿ ಎದೆ ಬಡಿದುಕೊಳ್ಳುತ್ತಿದ್ದರೆ ಅವಳು ಮನೆ ಸೇರಿ ಊಟಕ್ಕೆ ಕೂತಿದ್ದಳು. ಇಂಥ ಹೆಸರಿರುವಾಗ ವಿಳಾಸ ಯಾಕೆ, ನೀವೇ ಹೇಳಿ.

ಇನ್ನು ಚಪ್ಪಲಿಯ ವಿಷಯ. ದೇವಸ್ಥಾನದ ಹೊರಗೆ ಚಪ್ಪಲಿಯನ್ನು ಜೋಡಿಯಾಗಿ ಬಿಡುವುದು ನಮ್ಮ ಮನೆಯ ಪದ್ಧತಿಯಲ್ಲ. ಒಂದು ಇಲ್ಲಿ, ಇನ್ನೊಂದು ಅಲ್ಲಿ. ಒಂಟಿ ಚಪ್ಪಲಿ ಯಾವ ಕಳ್ಳನಿಗೆ ಬೇಕು? ಅವತ್ತು ಪಶುಪತಿನಾಥನ ಗುಡಿಯ ಮುಂದೆ ನಿಂತಾಗ ನನ್ನ ಚಪ್ಪಲಿ ಹೊಚ್ಚ ಹೊಸವು. ಒಂದನ್ನು ಕಂಬದ ಬುಡದಲ್ಲಿಟ್ಟೆ. ಇನ್ನೊಂದನ್ನು ಆಚೆ ಕಟ್ಟೆಯ ಸಂದಿಗೆ ತುರುಕಬೇಕಿತ್ತು. ಅದಕ್ಕೆ ಎರಡೂ ಕೈ ಬೇಕಾಯಿತು. ಗೌರಿಯ ಕೈ ಬಿಟ್ಟೆ.

ತಿರುಗಿದರೆ ಮಗು ಇಲ್ಲ.

"ಅವ್ವಾ, ಗೌರಿ ಎಲ್ಲಿ?"

"ಕೈ ಕಿತ್ಕೊಂಡು ಹೋದ್ಲು ನೋಡು" ಎಂದೆ. ಯೋಚಿಸುವ ಮೊದಲೇ ಸುಳ್ಳು ಬಾಯಿಗೆ ಬಂದಿತ್ತು.

ಅಳಿಯ ಪೊಲೀಸರನ್ನು ಹುಡುಕಿ ಹೋದ. ನಮ್ಮ ಫೋನುಗಳು ಆ ದೇಶದಲ್ಲಿ ಕೆಲಸ ಮಾಡುತ್ತಿರಲಿಲ್ಲ. ಸುಮಾ ಕೂಸನ್ನು ಅವುಚಿಕೊಂಡು ಜನರ ಮಧ್ಯೆ ಹುಚ್ಚಿಯಂತೆ ಓಡಲು ಶುರು ಮಾಡಿದಳು. ಅವಳ ರಟ್ಟೆ ಹಿಡಿದು ನಿಲ್ಲಿಸಿದೆ.

"ಓಡಬ್ಯಾಡ. ಮಾರೋ ಹೆಂಗಸರನ್ನಷ್ಟೇ ನೋಡ್ತಾ ಬಾ."

ರುದ್ರಾಕ್ಷಿಯವಳು, ಕುಂಕುಮದವಳು, ಬಳೆಯವಳು. ಒಬ್ಬೊಬ್ಬಳ ಮಗ್ಗುಲೂ ಖಾಲಿ. ಆದರೂ ಸಾಲು ಬಿಡಲಿಲ್ಲ. ಕೊನೆಯಲ್ಲಿ ಚೆಂಡುಹೂ ಮಾರುವವಳೊಬ್ಬಳು ಕೂತಿದ್ದಳು. ಅವಳ ಪಕ್ಕ ನಮ್ಮ ಗೌರಿ, ಕೆನ್ನೆಯ ಮೇಲೆ ಒಣಗಿದ ಕಣ್ಣೀರು, ಹಾರಕ್ಕೆ ಒಂದೊಂದೇ ಹೂ ಎತ್ತಿ ಕೊಡುತ್ತಿದ್ದಾಳೆ! ಬಗ್ಗಿ ಮಾತಾಡಿಸಿದವರಿಗೆಲ್ಲ "ಬೆಲ್ಲದಂಗಡಿಯೋರ ಮೊಮ್ಮಗಳು" ಎಂದು ಗಟ್ಟಿಯಾಗಿ ಹೇಳುತ್ತಿದ್ದಾಳೆ. ಪಾಪ, ಅಲ್ಲಿ ಯಾರು ಕಂಡಿದ್ದರು ನಮ್ಮ ಬೆಲ್ಲದಂಗಡಿಯನ್ನು?

ಕೈಮುಗಿದೆ. ಹೂವಿನವಳು ಮಗುವನ್ನೊಮ್ಮೆ, ನನ್ನನ್ನೊಮ್ಮೆ ತೋರಿಸಿ ಅವಳ ಭಾಷೆಯಲ್ಲಿ ಬೈದಳು. ಒಂದಕ್ಷರ ಅರ್ಥವಾಗಲಿಲ್ಲ, ಆದರೆ ಬೈದಿದ್ದೆಲ್ಲ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ಸುಮಾ ಗೌರಿಯ ಬೆನ್ನಿಗೊಂದು ಬಿಟ್ಟಳು. "ಅಜ್ಜಿ ಕೈ ಯಾಕೆ ಬಿಟ್ಟೆ?" ಮಗು ನನ್ನ ಮುಖ ನೋಡಿತು. ನಾನು ಚಪ್ಪಲಿ ತರಲು ಹೊರಟೆ.

ಎರಡೂ ಚಪ್ಪಲಿ ಇಟ್ಟಲ್ಲೇ ಇದ್ದವು.

ಅವತ್ತು ಮಧ್ಯಾಹ್ನ ಲಾಡ್ಜಿನ ಮೆಟ್ಟಿಲ ಮೇಲೆ ಸೂಜಿ ದಾರ ಹಿಡಿದು ಕೂತೆ. ಓದಿದ್ದು ಮೂರನೇ ಕ್ಲಾಸು, ಅದೂ ಕನ್ನಡ. ಲಾಡ್ಜಿನ ಬೋರ್ಡಿನ ಮೇಲಿನ ಹೆಸರನ್ನು ರಂಗೋಲಿ ನೋಡಿಕೊಂಡು ಎಳೆಯುವ ಹಾಗೆ ಗೆರೆಗೆ ಗೆರೆ ಹೊಲಿದೆ. ಲಾಡ್ಜಿನವನಿಗೆ ತೋರಿಸಿದರೆ ನಕ್ಕು ಗಟ್ಟಿಯಾಗಿ ಓದಿದ. ಅವನು ಓದಿದ ಮೇಲೆಯೇ ಮಗುವಿಗೆ ಆ ಫ್ರಾಕು ತೊಡಿಸಿದ್ದು.

ಈಗ ಮುಂದಿನ ವಾರ ಎಲ್ಲರೂ ಸಿಂಗಾಪುರಕ್ಕೆ ಹೊರಟಿದ್ದೇವೆ. ಕಂಕುಳಲ್ಲಿದ್ದ ಕೂಸಿಗೆ ಏಳು ತುಂಬಿದೆ, ನಿಂತಲ್ಲಿ ನಿಲ್ಲುವುದಿಲ್ಲ. ಅವನು ಎಲ್ಲಿದ್ದಾನೆಂದು ಫೋನಿಗೆ ತೋರಿಸುವ ವಾಚು ತರಿಸಿದ್ದಾಳೆ ಸುಮಾ.

"ವಾಚೂ ಇರ್ಲಿ, ಹೊಲಿಗೇನೂ ಇರ್ಲಿ" ಎಂದು ಗೌರಿಯನ್ನು ಕರೆದು ಹೋಟೆಲಿನ ಹೆಸರು, ಫೋನ್ ನಂಬರು ಬರೆಸಿದೆ. ಸೂಜಿಯ ಕಣ್ಣು ನನಗೆ ಕಾಣುವುದಿಲ್ಲ, ದಾರ ಪೋಣಿಸಲು ಅವಳೇ ಕೂತಳು. ಹಳೆಯ ಫ್ರಾಕು ನಮ್ಮಿಬ್ಬರ ನಡುವೆ ಬಿದ್ದಿತ್ತು.

"ಅವತ್ತು ಕೈ ಬಿಟ್ಟೋಳು ನಾನು. ಹೊಡ್ತ ತಿಂದೋಳು ನೀನು" ಎಂದೆ.

"ಗೊತ್ತು. ನೀನು ಚಪ್ಪಲಿ ಇಡಾಕೆ ಹೋಗಿದ್ದೆ."

"ಮತ್ತೆ ನಿಮ್ಮಮ್ಮಂಗೆ ಯಾಕೆ ಹೇಳ್ಲಿಲ್ಲ?"

"ನೀನೇ ಹೇಳ್ತೀಯ ಅನ್ಕಂಡಿದ್ದೆ."

ಒಳಗಿದ್ದ ಸುಮಾಳನ್ನು ಕೂಗಿ ಕರೆದೆ. ಗೌರಿಯ ಎದುರಿಗೇ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

"ಇಷ್ಟು ಹೇಳಾಕೆ ಆರು ವರ್ಷ ಬೇಕಾಯ್ತಾ ಅವ್ವಾ?"

"ಬೇಕಾಯ್ತು. ಈಗ ಕುಂದ್ರು, ಇನ್ನೂ ನಾಕು ಅಂಗಿ ಅದಾವೆ."

ಅವಳು ಮಗಳ ಬೆನ್ನು ಸವರಿ, ಒಂದು ಅಂಗಿ ಎಳೆದುಕೊಂಡು ಕೂತಳು. ಗೌರಿ ಎರಡನೇ ಸೂಜಿಗೆ ದಾರ ಹಾಕುತ್ತ, "ನಿನ್ನ ಸೆರಗಿಗೂ ಒಂದು ಹೊಲೀಲೇನಜ್ಜಿ? ಅಲ್ಲೂ ಬೆಲ್ಲದಂಗಡಿ ಅಂತ ಹೇಳೀಯ ಮತ್ತೆ" ಎಂದಳು.

"ಹೊಲಿ" ಎಂದೆ.

ಹೊಲಿದಿದ್ದಾಳೆ. ಚಪ್ಪಲಿ ಮಾತ್ರ ಈ ಸಲ ಹಳೆಯವನ್ನೇ ಹಾಕಿಕೊಂಡು ಹೋಗುತ್ತೇನೆ. ಎಲ್ಲಿ ಬಿಟ್ಟರೂ ಜೋಡಿಯಾಗಿಯೇ ಬಿಡುತ್ತೇನೆ, ಬೇಕಾದವರು ಒಯ್ಯಲಿ.