ಎಲ್ಲರೂ ಉಸಿರನ್ನೇ ಕಾದರು

ವಸುಧಾ ವಾದಿಸುತ್ತಿದ್ದುದು ತುಂಡು ವಾಕ್ಯಗಳಲ್ಲಿ. ಕಾಲೇಜಿನ ಚರ್ಚಾ ತಂಡದಲ್ಲಿ ನಾವಿಬ್ಬರೂ ಜೊತೆಗಾರರು. ನಾನು ಪೀಠಿಕೆ ಮುಗಿಸುವಷ್ಟರಲ್ಲಿ ಅವಳು ನಾಲ್ಕೇ ಪದಗಳಲ್ಲಿ ಎದುರಾಳಿಯನ್ನು ಕೂರಿಸಿಬಿಡುತ್ತಿದ್ದಳು. ತೀರ್ಪುಗಾರರು ಅದನ್ನು ಶೈಲಿಯೆಂದು ಹೊಗಳಿದರೆ, "ಶೈಲಿ ಅಲ್ಲ ಗುರು, ಉಸಿರಿಲ್ಲ," ಎಂದು ನನ್ನ ಕಿವಿಯಲ್ಲಿ ನಗುತ್ತಿದ್ದಳು.

ಸಿಸ್ಟಿಕ್ ಫೈಬ್ರೋಸಿಸ್ ಅವಳೊಂದಿಗೇ ಹುಟ್ಟಿದ ಕಾಯಿಲೆ. ಶ್ವಾಸಕೋಶದಲ್ಲಿ ಕಫ ಅಂಟಿನಂತೆ ಗಟ್ಟಿಯಾಗುತ್ತಿತ್ತು. ತಿಂದ ಜಿಡ್ಡು ಮೈಗೆ ಹತ್ತುತ್ತಿರಲಿಲ್ಲ. ಹೀಗಾಗಿ ಜಯನಗರದ ಆ ಮನೆಯಲ್ಲಿ ಬೆಣ್ಣೆ ತುಪ್ಪಗಳೇ ಔಷಧ. ಅವಳ ತಾಯಿ ಸರೋಜಮ್ಮ ದೋಸೆಯ ಮೇಲೆ ಬೆಣ್ಣೆಯ ಗುಡ್ಡೆಯಿಟ್ಟು, "ನಿನ್ನ ವಯಸ್ಸಿನೋರೆಲ್ಲ ಡಯೆಟ್ ಅಂತ ಸಾಯ್ತಾರೆ. ನೀನು ಪುಣ್ಯವಂತೆ, ತಿನ್ನು," ಎನ್ನುತ್ತಿದ್ದರು.

ಮೂವತ್ತರ ಹೊಸ್ತಿಲಲ್ಲಿ, ಅಪರಿಚಿತ ಕುಟುಂಬವೊಂದು ದಾನ ಮಾಡಿದ ಶ್ವಾಸಕೋಶಗಳು ಅವಳ ಎದೆ ಸೇರಿದವು. ಅಂದಿನಿಂದ ಅವಳ ವಾಕ್ಯಗಳಿಗೆ ಕೊನೆಯೇ ಇರಲಿಲ್ಲ! ಬಿ.ಪಿ.ಗೆ, ಕೊಲೆಸ್ಟ್ರಾಲಿಗೆ ಗುಳಿಗೆಗಳು ಬಂದಾಗ, "ಇವು ಮುದುಕರ ಮಾತ್ರೆ ಮಗಾ. ಅಂದ್ರೆ ನಾನೂ ಮುದುಕಿ ಆಗ್ತೀನಿ ಅಂತಾಯ್ತು!" ಎಂದು ಹಿಗ್ಗಿದಳು.

ಅಂಗದಾನದ ಪರವಾಗಿ ನಾನು ನಡೆಸುತ್ತಿದ್ದ ಸಭೆಗಳಿಗೆ ಅವಳೇ ಜೀವಂತ ಸಾಕ್ಷಿ. ಜೆ.ಪಿ. ನಗರದ ಉದ್ಯಾನವೊಂದರಲ್ಲಿ ಹಿರಿಯರೊಬ್ಬರು ಎದ್ದು ನಿಂತು, "ಕಣ್ಣು ಕೊಟ್ಟೋರು ಮುಂದಿನ ಜನ್ಮದಲ್ಲಿ ಕುರುಡರಾಗ್ತಾರಂತಲ್ಲಮ್ಮ?" ಎಂದು ಕೇಳಿದರು. ನಾನು ಶಾಸ್ತ್ರಾಧಾರ ಹುಡುಕುತ್ತಿದ್ದೆ. ಅವಳೆಂದಳು: "ನನಗೆ ಲಂಗ್ಸ್ ಕೊಟ್ಟೋರು ಮುಂದಿನ ಜನ್ಮದಲ್ಲಿ ಸಿಕ್ರೆ ಅಲ್ಲೇ ವಾಪಸ್ ಕೊಡ್ತೀನಿ ಅಂಕಲ್. ನೀವು ಈ ಜನ್ಮದ್ದು ಹೇಳಿ."

ಪ್ರತಿದಿನ ಬೆಳಗ್ಗೆ ಅವಳು ಒಂದು ಪುಟ್ಟ ಯಂತ್ರಕ್ಕೆ ಊದಬೇಕಿತ್ತು. ಉಸಿರಿನ ಬಲವನ್ನು ಅದು ಅಂಕಿಯಲ್ಲಿ ತೋರಿಸುತ್ತಿತ್ತು. ಅಂಕಿ ಇಳಿದರೆ ದೇಹವು ಹೊಸ ಶ್ವಾಸಕೋಶವನ್ನು ತಿರಸ್ಕರಿಸುತ್ತಿದೆಯೇನೋ ಎಂಬ ಭಯ. ಆ ಮನೆಯ ಭಯವೆಲ್ಲ ಅದೊಂದೇ.

ಕಳೆದ ವರ್ಷ ಒಂದು ಭಾನುವಾರ, ಸಭೆಗೆ ಕರೆದೊಯ್ಯಲು ಹೋದಾಗ ಅವಳು ಬೆವರುತ್ತ ಕುಳಿತಿದ್ದಳು. "ಎದೆ ಭಾರ ಕಣೋ. ದವಡೆನೂ ನೋಯ್ತಿದೆ." ಸರೋಜಮ್ಮ ಓಡಿಹೋಗಿ ಯಂತ್ರ ತಂದರು. ಅವಳು ಊದಿದಳು. ಅಂಕಿ ಎಂದಿಗಿಂತ ಚೆನ್ನಾಗಿತ್ತು. ನಮಗೆಲ್ಲ ಹೋದ ಜೀವ ಬಂದಂತಾಯಿತು. "ಗ್ಯಾಸಿರಬೇಕು," ಎಂದು ಸರೋಜಮ್ಮ ಜೀರಿಗೆ ಕಷಾಯಕ್ಕೆ ನೀರಿಟ್ಟರು. "ಸುಮ್ನೆ ಹೆದರಿಸಿಬಿಟ್ನಲ್ಲ, ಸಾರಿ," ಎಂದು ನಕ್ಕ ವಸುಧಾ, ನೀರು ಕುದಿಯುವ ಮೊದಲೇ ಸೋಫಾದಿಂದ ಜಾರಿ ನೆಲಕ್ಕೆ ಬಿದ್ದಳು.

ಅಂಗದಾನದಿಂದ ಬದುಕು ಮರಳುತ್ತದೆಂದು ಬಡಾವಣೆ ಬಡಾವಣೆಗಳಲ್ಲಿ ಸಾರಿದವರು ನಾವು. ಮರಳಿ ಬಂದ ಬದುಕಿಗೆ ಬೇರೆ ಅಂಗಗಳೂ ಇವೆಯೆಂಬುದು ನಮ್ಮ ಯಾವ ಭಾಷಣದಲ್ಲೂ ಇರಲಿಲ್ಲ.

ಆಸ್ಪತ್ರೆಯಲ್ಲಿ ವೈದ್ಯರು ಮೆಲುದನಿಯಲ್ಲಿ ವಿವರಿಸಿದರು: ಹೃದಯಾಘಾತ, ಹೊಸ ಶ್ವಾಸಕೋಶವನ್ನು ಕಾಯುವ ಔಷಧಗಳೇ ರಕ್ತದೊತ್ತಡವನ್ನೂ ಕೊಬ್ಬನ್ನೂ ಏರಿಸಿ ಹೃದಯದ ನಾಳಗಳನ್ನು ಕಿರಿದಾಗಿಸಬಲ್ಲವು, ಇಷ್ಟು ಚಿಕ್ಕ ವಯಸ್ಸಿನಲ್ಲೂ ಹಾಗಾಗಬಹುದು, ಉಳಿಸುವ ಪ್ರಯತ್ನ ಫಲಿಸಲಿಲ್ಲ.

ಸರೋಜಮ್ಮ ಅವರನ್ನು ತಿದ್ದಲು ಹೊರಟರು. "ಹಾರ್ಟಾ? ಅಲ್ಲ ಸಾರ್, ಅವಳಿಗಿದ್ದದ್ದು ಲಂಗ್ಸ್ ಪ್ರಾಬ್ಲಮ್ಮು. ಈಗ ತಾನೆ ಊದಿಸಿ ನೋಡಿದ್ವಿ. ಚೆನ್ನಾಗಿ ಊದಿದ್ಲು."

"ಶ್ವಾಸಕೋಶ ಚೆನ್ನಾಗೇ ಇತ್ತಮ್ಮ," ಎಂದರು ವೈದ್ಯರು.

ಸರೋಜಮ್ಮ ಸಮಾಧಾನದಿಂದ ತಲೆಯಾಡಿಸಿದರು. ಆಮೇಲೆ ನನ್ನ ಮುಖ ನೋಡಿದರು.