ಕಂಬಿಯಾಚೆ ಹೋದ ಸೀರೆ

ಸೊರಬದಲ್ಲಿ ನಮ್ಮ ಭಾವನಿಗೆ ಬೀಜ, ಗೊಬ್ಬರದ ಅಂಗಡಿ ಇದೆ. ಆ ವರ್ಷ ಮೆಕ್ಕೆಜೋಳದ ಬೀಜ ಹೆಚ್ಚು ಮಾರಿದ ಅಂಗಡಿಯವರನ್ನು ಕಂಪನಿಯೊಂದು ಹೆಂಡತಿಯರ ಸಮೇತ ಹಡಗಿನ ಪ್ರವಾಸಕ್ಕೆ ಕರೆದುಕೊಂಡು ಹೋಯಿತು. ಮುಂಬೈಯಲ್ಲಿ ಹತ್ತುವುದು, ಕೊಚ್ಚಿಗೆ ಹೋಗಿ ವಾಪಸ್ಸು ಬರುವುದು. ಹೊರಡಲು ಮೂರು ವಾರ ಇರುವಾಗ ಭಾವ ಗೋದಾಮಿನ ಮೆಟ್ಟಿಲಲ್ಲಿ ಜಾರಿ ಕಾಲು ಮುರಿದುಕೊಂಡರು. ಅವರ ಬದಲು ನಾನು ಹೋದೆ. ನಾನು ಶಿಕಾರಿಪುರದ ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತಳಾದವಳು. ಇವಳಾದರೆ ಕೊಟ್ಟ ಕಾಗದ ಪತ್ರ ಓದಿ ನೋಡುತ್ತಾಳೆ, ಅಕ್ಕನ ಜೊತೆಗೆ ಇರಲಿ ಎಂದು ಭಾವನೇ ಹೇಳಿದರು.

ಓದುವ ಕೆಲಸವನ್ನು ನಾನು ಸರಿಯಾಗಿಯೇ ಮಾಡಿದೆ. ಕಂಪನಿಯವರು ಕಳಿಸಿದ್ದ ಪುಸ್ತಿಕೆಯನ್ನು ಅಕ್ಕನ ಅಡುಗೆಮನೆಯಲ್ಲಿ ಕೂತು ಗಟ್ಟಿಯಾಗಿ ಓದಿ, ಕನ್ನಡದಲ್ಲಿ ಹೇಳಿದೆ. ಹಡಗಿನಲ್ಲಿ ಕೊಡುವ ಕಾರ್ಡನ್ನು ಕೊರಳಿನಿಂದ ತೆಗೆಯಬಾರದು, ಕೋಣೆಯ ಬೀಗಕ್ಕೂ ಹತ್ತಿ ಇಳಿಯುವುದಕ್ಕೂ ಅದೇ. ನೈಟಿ ಹಾಕಿಕೊಂಡು ಓಣಿಯಲ್ಲಿ ಓಡಾಡಬಾರದು. ಈಜುಕೊಳದ ಹತ್ತಿರದ ಕುರ್ಚಿಗೆ ಟವೆಲ್ ಹಾಸಿ ಜಾಗ ಹಿಡಿದು ಹೋಗಬಾರದು. ಊಟದ ಬಾಗಿಲಲ್ಲಿ ಕೈ ತೊಳೆದೇ ಒಳಗೆ ಹೋಗಬೇಕು. ತಿಂಡಿಯನ್ನು ಕಟ್ಟಿಕೊಂಡು ಕೋಣೆಗೆ ಒಯ್ಯಬಾರದು. ರಾತ್ರಿಯ ಊಟಕ್ಕೆ ಕೊನೆಯವರೆಗೂ ಒಂದೇ ಮೇಜು, ಅದೇ ಎಂಟು ಜನ. ಎಲ್ಲರಿಗೂ ಬಡಿಸಿದ ಮೇಲೆಯೇ ಕೈ ಹಚ್ಚಬೇಕು. ಒಂದು ರಾತ್ರಿ ಮಾತ್ರ ಮದುವೆಮನೆಗೆ ಹೋಗುವ ಹಾಗೆ ಉಡುಪು.

"ನಮ್ಮನೆ ಮದುವೇಲೂ ಇಷ್ಟು ಕಟ್ಟುಪಾಡು ಇರ್ಲಿಲ್ಲ ಕಣೆ. ಉಸಿರಾಡಕ್ಕೆ ಏನಾದ್ರೂ ಬರ್ದಿದಾರಾ ನೋಡು" ಎಂದು ಅಕ್ಕ ಚಟ್ನಿಪುಡಿ ಡಬ್ಬಿಗೆ ತುಂಬುತ್ತಾ ಹೇಳಿದಳು.

ಕೊನೆಯ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಒಂದೇ ನಿಯಮ ಇತ್ತು. ಕಂಬಿಯಾಚೆ ಒಂದು ಬೆಂಕಿಕಡ್ಡಿಯನ್ನೂ ಎಸೆಯುವಂತಿಲ್ಲ. ಎಸೆದವರನ್ನು ಮುಂದಿನ ಬಂದರಿನಲ್ಲಿ ಇಳಿಸಿಬಿಡುತ್ತಾರೆ.

ಅಕ್ಕ ಡಬ್ಬಿಯ ಮುಚ್ಚಳ ಹಾಕಿ ಕೇಳಿದಳು. "ಬಾಗಿನ ಬಿಡೋದು ಎಸೆಯೋದು ಆಗುತ್ತೇನೆ?"

"ಹಡಗಲ್ಲಿ ಅದೂ ಎಸೆಯೋದೇ" ಎಂದೆ.

"ಊರ ಕೆರೆ ತುಂಬಿದ್ರೇ ಬಾಗಿನ ಕೊಡ್ತೀವಿ. ಅಷ್ಟು ದೊಡ್ಡ ನೀರು ದಾಟುವಾಗ ಬರೀ ಕೈಯಲ್ಲಿ ಹೋಗೋದು ಹೆಂಗೆ? ಅವರ ಕಾಲು ಬೇರೆ ಹಿಂಗಾಗಿದೆ."

ಆಗಲ್ಲ ಅಕ್ಕ ಎಂದೆ. ಅವಳು ಡಬ್ಬಿ ಎತ್ತಿ ಚೀಲಕ್ಕೆ ಹಾಕಿದಳು. ಒಪ್ಪಿದಳು ಎಂದುಕೊಂಡೆ.

ಹಡಗು ಹತ್ತಿದ ದಿನ ಮೊದಲು ನಡೆದದ್ದು ಲೈಫ್ ಜಾಕೆಟ್ಟಿನ ತರಬೇತಿ. ಅಪಾಯದ ಗಂಟೆ ಆದರೆ ಎಲ್ಲಿ ಸೇರಬೇಕು, ಹೇಗೆ ನಿಲ್ಲಬೇಕು ಎಂದು ತೋರಿಸುತ್ತಿದ್ದವರಲ್ಲಿ ಮಂಗಳೂರು ಕಡೆಯ ನಾವಿಕರೊಬ್ಬರು ಇದ್ದರು. ವಯಸ್ಸು ನಲವತ್ತರ ಆಸುಪಾಸು. ನಮ್ಮ ಕನ್ನಡ ಕೇಳಿ ಹತ್ತಿರ ಬಂದರು. ಅಕ್ಕ ಜಾಕೆಟ್ಟನ್ನು ಹೆಗಲ ಮೇಲೆ ಹಾಕಿಕೊಂಡು ನಿಂತಿದ್ದಳು.

"ಅಮ್ಮಾ, ಅದು ಸೆರಗಲ್ಲ ಮಾರಾಯ್ರೇ, ಹಿಂದೆ ಬಿಡ್ಲಿಕ್ಕೆ. ಎದುರಿಗೆ ಬಿಗಿಯಾಗಿ ಕಟ್ಟಬೇಕು" ಎಂದು ಪಟ್ಟಿ ಎಳೆದು ಕಟ್ಟಿದರು. ಸುತ್ತಲಿದ್ದವರು ನಕ್ಕರು. ಅಕ್ಕನೂ ನಕ್ಕಳು.

ಮರುದಿನ ಬೆಳಗಿನ ಜಾವ ಅಕ್ಕ ನನ್ನನ್ನು ಎಬ್ಬಿಸಿ ಸೂರ್ಯ ಹುಟ್ಟುವುದನ್ನು ನೋಡೋಣ ಬಾ ಎಂದಳು. ಹಡಗಿನ ಹಿಂಭಾಗದ ತೆರೆದ ಡೆಕ್ಕಿಗೆ ಹೋದೆವು. ಅಲ್ಲಿ ಬೇರೆ ಯಾರೂ ಇರಲಿಲ್ಲ. ಗಾಳಿ ಜೋರಾಗಿತ್ತು, ಅಲೆಗಳೂ ಹಿಂದಿನ ದಿನಕ್ಕಿಂತ ದೊಡ್ಡವಾಗಿದ್ದವು. ಅಕ್ಕ ಶಾಲಿನೊಳಗಿಂದ ಎರಡು ಪುಟ್ಟ ಮೊರ ತೆಗೆದಳು. ಒಂದರ ಮೇಲೊಂದು ಮುಚ್ಚಿ ದಾರ ಸುತ್ತಿದ್ದಳು. ಮೇಲೆ ಕೆಂಪು ಸೀರೆಯೊಂದನ್ನು ಮಡಿಸಿ ಇಟ್ಟಿದ್ದಳು. ಭಾವ ಪ್ರವಾಸಕ್ಕೆಂದೇ ಕೊಡಿಸಿದ್ದ ಹೊಸ ಸೀರೆ. ನಾನು "ಅಕ್ಕ, ಬೇಡ" ಅನ್ನುವಷ್ಟರಲ್ಲಿ ಅವಳು ಕಣ್ಣಿಗೊತ್ತಿಕೊಂಡು ಬಿಟ್ಟಾಗಿತ್ತು.

ಮೊರ ನೇರ ಕೆಳಗೆ ಹೋಯಿತು. ಸೀರೆ ಹಾಗೆ ಹೋಗಲಿಲ್ಲ. ಗಾಳಿಗೆ ಮಡಿಕೆ ಬಿಚ್ಚಿ, ಉದ್ದಕ್ಕೂ ಹರಡಿಕೊಂಡು, ಕೆಳಗಿನ ಮಹಡಿಗಳ ಬಾಲ್ಕನಿಗಳ ಮುಂದೆ ತಿರುಗುತ್ತಾ ಇಳಿಯಿತು. ನಾನು ಕೈಗಡಿಯಾರ ನೋಡಿದೆ. ಯಾಕೆ ನೋಡಿದೆ ಎಂದು ಹೇಳಲಾರೆ, ಪರೀಕ್ಷೆಯ ಕೋಣೆಯಲ್ಲಿ ಕೂತು ಬಂದ ಅಭ್ಯಾಸ ಇರಬೇಕು. ಆರು ಗಂಟೆ ಹತ್ತು ನಿಮಿಷ. ಕೆಳಗಿನಿಂದ ಗಂಡಸೊಬ್ಬರು ಕೂಗಿದ್ದು ಕೇಳಿಸಿತು. ಹೆಂಗಸು ಬಿದ್ದಳು ಎಂದು ಹಿಂದಿಯಲ್ಲಿ ಎರಡು ಸಲ ಕೂಗಿದರು.

ನಾವು ಒಳಗೆ ಬರುವ ಮುಂಚೆಯೇ ಗಂಟೆ ಮೊಳಗಿತು. ಹಡಗು ಒಂದು ಕಡೆಗೆ ವಾಲಿ ತಿರುಗತೊಡಗಿತು. ಎಲ್ಲರೂ ತಮ್ಮ ತಮ್ಮ ಜಾಗಕ್ಕೆ ಬಂದು ಕಾರ್ಡು ತೋರಿಸಬೇಕೆಂದು ಧ್ವನಿವರ್ಧಕದಲ್ಲಿ ಹೇಳುತ್ತಿದ್ದರು. ಮೆಟ್ಟಿಲಿಳಿಯುತ್ತಾ ಅಕ್ಕ ಹೇಳಿದಳು. "ಹೇಳ್ಬ್ಯಾಡ ಕಣೆ. ಇಳಿಸಿಬಿಟ್ರೆ ಕಂಪನಿಯವರ ಮುಂದೆ ನಿಮ್ಮ ಭಾವನ ಮುಖ ಏನಾಗುತ್ತೆ?"

ಎಲ್ಲರನ್ನೂ ಎಣಿಸಿದರೆ ಯಾರೂ ಬಿದ್ದಿಲ್ಲ ಎಂದು ತಾನಾಗಿಯೇ ತಿಳಿಯುತ್ತದೆ, ನಾನು ಬಾಯಿ ಬಿಡಬೇಕಾಗಿಲ್ಲ ಎಂದು ಲೆಕ್ಕ ಹಾಕಿಕೊಂಡೆ. ಲೆಕ್ಕ ತಪ್ಪಿರಲಿಲ್ಲ. ಆದರೆ ನಾವು ಹೋಗಿ ಕೂತ ಹಾಲಿಗೆ ಜನ ಬೇಗ ಬರಲಿಲ್ಲ. ಕೆಲವರು ನಿದ್ದೆಯಲ್ಲಿದ್ದರು, ಕೆಲವರು ಸ್ನಾನದಲ್ಲಿ. ಇನ್ನೂ ಮೂವರು ಹೆಂಗಸರು ಸಿಕ್ಕಿಲ್ಲ ಎಂದು ಅಧಿಕಾರಿಯೊಬ್ಬರು ಫೋನಿನಲ್ಲಿ ಹೇಳುತ್ತಿದ್ದರು. ಆಗ ಕಿಟಕಿಯಾಚೆ ಕಿತ್ತಳೆ ಬಣ್ಣದ ದೋಣಿಯೊಂದು ಹಗ್ಗದಲ್ಲಿ ಇಳಿಯುವುದು ಕಂಡಿತು. ಒಳಗೆ ಮೂವರು ಇದ್ದರು. ಒಬ್ಬರು ಹಿಂದಿನ ದಿನ ಅಕ್ಕನ ಜಾಕೆಟ್ಟಿನ ಪಟ್ಟಿ ಕಟ್ಟಿದವರು.

ದೋಣಿ ನೀರು ಮುಟ್ಟಿದೊಡನೆ ಅಲೆ ಅದನ್ನು ನಮ್ಮ ಕಿಟಕಿಯ ಮಟ್ಟಕ್ಕೆ ಎತ್ತಿ ಮತ್ತೆ ಕೆಳಕ್ಕೆ ಹಾಕಿತು. ಅವರು ಬಗ್ಗಿ ನೀರಿನಲ್ಲಿ ಹುಡುಕುತ್ತಿದ್ದರು. ನಾನು ಎದ್ದು ಹೋಗಿ ಅಧಿಕಾರಿಗೆ ಇಂಗ್ಲಿಷಿನಲ್ಲಿ ಹೇಳಿದೆ. ಬಿದ್ದದ್ದು ಹೆಂಗಸಲ್ಲ, ಸೀರೆ. ನಾನು ಕಣ್ಣಾರೆ ನೋಡಿದ್ದೇನೆ. ಅವರು ನಂಬಲು ಎರಡು ಸಲ ಕೇಳಿದರು. ಅಕ್ಕನನ್ನು ಕರೆದು ಕೇಳಿದರು. ಅಕ್ಕ ತಲೆಯಾಡಿಸಿದಳು. ಆಗ ಆರೂ ಮೂವತ್ತಾರು.

ದೋಣಿಯನ್ನು ವಾಪಸ್ಸು ಕರೆದರು. ಅದನ್ನು ಮೇಲಕ್ಕೆತ್ತಲು ಕಬ್ಬಿಣದ ಕೊಕ್ಕೆಗೆ ಸಿಕ್ಕಿಸಬೇಕು. ಮಂಗಳೂರಿನವರೇ ಎದ್ದು ನಿಂತು ಕೊಕ್ಕೆ ಹಿಡಿದರು. ಅಲೆ ದೋಣಿಯನ್ನು ಎತ್ತಿತು. ಕೊಕ್ಕೆಗೂ ದೋಣಿಗೂ ನಡುವೆ ಸಿಕ್ಕ ಕೈಯನ್ನು ಅವರಿಗೆ ಎಳೆದುಕೊಳ್ಳಲು ಆಗಲಿಲ್ಲ. ಗಾಜಿನ ಈಚೆಗೆ ಏನೂ ಕೇಳಿಸಲಿಲ್ಲ. ಅವರು ಬಲಗೈಯನ್ನು ಹೊಟ್ಟೆಗೆ ಒತ್ತಿಕೊಂಡು ಕೂತದ್ದು ಕಂಡಿತು.

ಒಂಬತ್ತು ಗಂಟೆಗೆ ಭದ್ರತೆಯ ಅಧಿಕಾರಿ ನನ್ನ ಕೈಯಲ್ಲಿ ಹೇಳಿಕೆ ಬರೆಸಿಕೊಂಡರು. ಸೀರೆ ಬಿದ್ದ ಹೊತ್ತು, ನಾನು ಬಂದು ಹೇಳಿದ ಹೊತ್ತು, ಎರಡಕ್ಕೂ ಬೇರೆ ಬೇರೆ ಸಾಲು ಇತ್ತು. ಮೊದಲ ಸಾಲಿನಲ್ಲಿ ಹೊತ್ತು ನೋಡಲಿಲ್ಲ ಎಂದು ಬರೆದಿದ್ದರೆ ಕೇಳುವವರು ಯಾರೂ ಇರಲಿಲ್ಲ. ಪೆನ್ನು ಹಿಡಿದು ಸ್ವಲ್ಪ ಹೊತ್ತು ಕೂತೆ. ಆಮೇಲೆ ಆರು ಹತ್ತು ಎಂದೇ ಬರೆದೆ. ನಮ್ಮನ್ನು ಕೊಚ್ಚಿಯಲ್ಲಿ ಇಳಿಸುವುದಾಗಿ ಹೇಳಿದರು.

ಮಧ್ಯಾಹ್ನ ಕೇಳಿಕೊಂಡು ಹಡಗಿನ ಆಸ್ಪತ್ರೆಗೆ ಹೋದೆವು. ಎರಡು ಬೆರಳು ಉಳಿಯುವುದಿಲ್ಲ ಎಂದು ನರ್ಸ್ ಬಾಗಿಲಲ್ಲೇ ಹೇಳಿದ್ದರು. ನಾವಿಕರು ಎಚ್ಚರವಾಗಿದ್ದರು.

"ನೀವು ನೋಡಿದ್ದು ಯಾವಾಗ ಅಮ್ಮಾ?" ಎಂದು ನನ್ನನ್ನು ಕೇಳಿದರು.

ಅಕ್ಕ ನಡುವೆ ಬಂದಳು. "ಕೂಡ್ಲೇ ಹೇಳಿದ್ವಿ ರೀ."

"ಇಲ್ಲ" ಎಂದೆ. "ಬಿದ್ದಾಗ ಆರು ಹತ್ತು. ನಾನು ಹೇಳಿದಾಗ ಆರೂ ಮೂವತ್ತಾರು."

ಅವರು ಕಣ್ಣು ಮುಚ್ಚಿಕೊಂಡರು. "ನಮ್ಮ ದೋಣಿ ಇಳಿಸಿದ್ದು ಆರೂವರೆಗೆ" ಎಂದರು. ಕಣ್ಣು ತೆರೆಯದೆಯೇ, "ಆಯ್ತು, ನೀವು ಹೊರಡಿ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ಮತ್ತೇನು ಇತ್ತು ಎಂದು ನಾನು ಊಹಿಸಲಾರೆ.

ಆ ಸಂಜೆಯೇ ರೇಷ್ಮೆ ಸೀರೆ ಉಟ್ಟು ಹೋಗಬೇಕಾದ ಊಟ. ಹೋಗದಿದ್ದರೆ ಮೇಜಿನಲ್ಲಿ ಎರಡು ಕುರ್ಚಿ ಖಾಲಿ ಕಾಣುತ್ತದೆ ಎಂದು ಅಕ್ಕನೇ ಹೊರಡಿಸಿದಳು. ಎದುರಿಗೆ ಹಾವೇರಿ ಕಡೆಯ ಅಂಗಡಿಯವರು, ಪಕ್ಕದಲ್ಲಿ ಅವರ ಹೆಂಡತಿ. ಎಲ್ಲರಿಗೂ ಬಡಿಸುವವರೆಗೂ ಎಂಟು ಜನರೂ ಕೈಕಟ್ಟಿ ಕೂತಿದ್ದೆವು.

"ಯಾರೋ ಸೀರಿ ಒಗದಾರಂತ್ರೀ" ಎಂದರು ಅಂಗಡಿಯವರು. "ಅಂಥಾ ಶಾಣ್ಯಾರು ಯಾರೋ ಏನೋ. ಪಾಪ, ಆ ಮನಶ್ಯಾನ ಬೆರಳು ಹೋದ್ವು."

ಅಕ್ಕ ತಟ್ಟೆ ನೋಡುತ್ತಾ ಹೇಳಿದಳು. "ನಾನೇ ರೀ. ಬಾಗಿನ ಬಿಟ್ಟೆ."

ಅಂಗಡಿಯವರ ಹೆಂಡತಿ ಅವಳ ಕಡೆ ತಿರುಗಿ ಕೇಳಿದರು. "ಅದನ್ನ ಆವಾಗೇ ಹೇಳಲಿಲ್ಲೇನ್ರೀ ಅಕ್ಕಾರ?"

"ಇವಳು ಹೇಳಕ್ಕೆ ಹೊರಟಿದ್ಲು. ನಾನೇ ಬಿಡ್ಲಿಲ್ಲ. ಹೇಳ್ಬ್ಯಾಡ, ಹೇಳ್ಬ್ಯಾಡ ಅಂತ ತಡೆದಿಟ್ಟೆ."

ಎಲ್ಲರೂ ನನ್ನ ಕಡೆ ನೋಡಿದರು. ಆ ನೋಟದಲ್ಲಿ ಮರುಕ ಇತ್ತು. ನಾನು ಅದನ್ನು ಸುಮ್ಮನೆ ತೆಗೆದುಕೊಂಡೆ. ಬೆಳಿಗ್ಗೆ ಕಾಗದದ ಮೇಲೆ ಸರಿಯಾಗಿ ಬರೆದವಳು, ಆ ಮೇಜಿನಲ್ಲಿ ಅಕ್ಕನ ಮಾತನ್ನು ತಿದ್ದಲಿಲ್ಲ. ಅವಳು ಹೇಳ್ಬ್ಯಾಡ ಅಂದದ್ದು ಒಂದೇ ಸಲ, ಮೆಟ್ಟಿಲ ಮೇಲೆ. ಆಮೇಲೆ ದೋಣಿ ನೀರಿಗೆ ಇಳಿಯುವವರೆಗೂ ಅವಳು ನನ್ನ ಪಕ್ಕದಲ್ಲಿ ತುಟಿ ಬಿಚ್ಚದೆ ಕೂತಿದ್ದಳು.