ಸಂಜೆ ಆರು ಗಂಟೆಯ ಅಂಕ

ಡ್ಯಾನ್ಯೂಬ್ ನದಿಯ ದಂಡೆಯಲ್ಲಿರುವ ವಿದಿನ್ ಊರಿನ ಶಾಲೆಯಲ್ಲಿ ನೆವೆನಾ ಮೂವತ್ತನಾಲ್ಕು ವರ್ಷಗಳಿಂದ ಗಣಿತ ಹೇಳಿಕೊಡುತ್ತಿದ್ದಾಳೆ. ಪಿಂಚಣಿಗೆ ಇನ್ನೂ ಒಂದೂವರೆ ವರ್ಷವಿದೆ; ಮೊಣಕಾಲುಗಳು ಅಷ್ಟು ದಿನ ಕಾಯಲಾರದೆ ಆಗಲೇ ನಿವೃತ್ತಿ ತೆಗೆದುಕೊಂಡಿವೆ. ಮೂರನೇ ಮಹಡಿ ಹತ್ತುವಷ್ಟರಲ್ಲಿ ಕೋಟಿನ ಜೇಬಿನಲ್ಲಿರುವ ಫೋನು ನಾಲ್ಕು ಸಲ ಗುಂಯ್‌ಗುಟ್ಟಿರುತ್ತದೆ. ಒಬ್ಬಳ ಮಗನ ಟೋಪಿ ಕಾಣೆಯಾಗಿದೆ. ಇನ್ನೊಬ್ಬಳ ಮಗಳನ್ನು ಕಿಟಕಿಯ ಪಕ್ಕ ಕೂರಿಸಬಾರದಂತೆ. ಮತ್ತೊಬ್ಬ ಮಹಾನುಭಾವ ನಿನ್ನೆಯ ಲೆಕ್ಕವನ್ನು ತಾನೇ ಬಿಡಿಸಿ, ಸರಿಯಿದೆಯೇ ಎಂದು ಕೇಳಿದ್ದಾನೆ. ಇವರೆಲ್ಲ ಮೊದಲು ವರ್ಷಕ್ಕೆರಡು ಸಲ ಒಳ್ಳೆಯ ಬಟ್ಟೆ ಹಾಕಿಕೊಂಡು ಬಂದು, ಮಕ್ಕಳ ಬೆಂಚಿನಲ್ಲಿ ಮುದುಡಿ ಕೂತು, ಹೇಳಿದ್ದು ಕೇಳಿಕೊಂಡು ಹೋಗುತ್ತಿದ್ದರು. ಈಗ ಅವಳ ಜೇಬಿನಲ್ಲೇ ಠಿಕಾಣಿ ಹೂಡಿದ್ದಾರೆ. ನೆವೆನಾಗೆ ಸಾಕುಸಾಕಾಗಿದೆ.

ಮಕ್ಕಳ ಅಂಕಗಳೂ ಫೋನಿಗೆ ಹತ್ತಿ ಆರು ವರ್ಷವಾಯಿತು. ಆರು ಬಂದರೆ ಭೇಷ್, ಎರಡು ಬಂದರೆ ಫೇಲು ಎಂಬ ಲೆಕ್ಕ ಹಳೆಯದೇ. ಆದರೆ ಹಿಂದೆ ಆ ಎರಡು ಒಂದು ಚಿಕ್ಕ ಪುಸ್ತಕದಲ್ಲಿ ಕೂತು, ಮಗುವಿನ ಚೀಲದೊಳಗೆ, ಮಗುವಿನ ಕಾಲ್ನಡಿಗೆಯಲ್ಲೇ ಮನೆ ಮುಟ್ಟುತ್ತಿತ್ತು. ಆರನೇ ತರಗತಿಯಲ್ಲಿ ನೆವೆನಾಗೇ ಒಮ್ಮೆ ಎರಡು ಬಂದಿತ್ತು. ಡ್ಯಾನ್ಯೂಬ್ ದಂಡೆಯ ಮೇಲೆ ಒಂದು ಗಂಟೆ ಅಲೆದು, ಹೋಗಿ ಬರುವ ದೋಣಿಗಳಿಗೆಲ್ಲ ಆ ಮಾತನ್ನು ಹೇಳಿ ಹೇಳಿ ರೂಢಿ ಮಾಡಿಕೊಂಡು ಮನೆಗೆ ಬಂದಳು. ಅಪ್ಪ ಬೂಟಿನ ದಾರ ಬಿಚ್ಚುತ್ತಿದ್ದ. "ಅಪ್ಪಾ, ಎರಡು ಬಂತು" ಎಂದಳು. ಅಪ್ಪ ಇನ್ನೊಂದು ಬೂಟನ್ನೂ ಬಿಚ್ಚಿ, "ಸೂಪು ಆರ್ತಾ ಇದೆ, ಕೂತ್ಕೋ" ಎಂದ. ಅಷ್ಟೇ. ತಾನು ಹೆದರದೆ ಬಾಯಿಬಿಡಲು ಕಲಿತದ್ದು ಆ ಒಂದು ಗಂಟೆಯಲ್ಲಿ ಎಂದು ಅವಳು ಇವತ್ತಿಗೂ ನಂಬಿದ್ದಾಳೆ.

ಈಗಿನ ಮಗು ಮೆಟ್ಟಿಲಿಳಿಯುವ ಮೊದಲೇ ಮನೆಯವರಿಗೆಲ್ಲ ಗೊತ್ತಾಗಿರುತ್ತದೆ. ಅದಕ್ಕೇ ನೆವೆನಾ ಒಂದು ಹಸಿರು ಪುಸ್ತಕ ಇಟ್ಟಿದ್ದಾಳೆ. ಅಂಕಗಳನ್ನು ಪೆನ್ಸಿಲ್ಲಿನಲ್ಲಿ ಅದರಲ್ಲಿ ಬರೆದುಕೊಂಡು, ಸಂಜೆ ಆರಕ್ಕೆ ಮನೆಯಲ್ಲಿ ಕೂತು ಕಂಪ್ಯೂಟರಿಗೆ ಏರಿಸುತ್ತಾಳೆ.

"ಆರು ಗಂಟೆವರೆಗೂ ಟೈಮಿದೆ. ಆ ಯಂತ್ರ ಹೇಳೋಕೆ ಮುಂಚೆ ನೀವೇ ಹೇಳ್ಕೊಳ್ಳಿ," ಎನ್ನುತ್ತಾಳೆ ಮಕ್ಕಳಿಗೆ.

ಹೀಗೆ ಮಾಡು ಎಂದು ಅವಳಿಗೆ ಯಾರೂ ಹೇಳಿದ್ದಲ್ಲ. ಈ ಕೆಲಸದಲ್ಲಿ ತನ್ನದು ಅಂತ ಉಳಿದಿರುವುದು ಇದೊಂದೇ ಎಂಬುದು ಅವಳ ಲೆಕ್ಕಾಚಾರ.

ಮಂಗಳವಾರ ಮುಖ್ಯೋಪಾಧ್ಯಾಯಿನಿ ವೆಸೆಲಾ ಅವಳನ್ನು ಕೋಣೆಗೆ ಕರೆಸಿದಳು. ವೆಸೆಲಾ ಒಂದು ಕಾಲಕ್ಕೆ ನೆವೆನಾಳ ವಿದ್ಯಾರ್ಥಿನಿಯೇ. ಈಗಲೂ ಟೀಚರ್ ಎಂದೇ ಕರೆಯುತ್ತಾಳೆ.

"ಟೀಚರ್, ಯಾರು ಎಷ್ಟೊತ್ತಿಗೆ ಅಂಕ ಹಾಕಿದ್ರು ಅಂತ ಈ ಕಂಪ್ಯೂಟರಲ್ಲಿ ಎಲ್ಲಾ ಕಾಣುತ್ತೆ. ಎಲ್ಲರದ್ದೂ ಹಸಿರು ಗೆರೆ, ನಿಮ್ಮದೊಂದೇ ಕೆಂಪು. ಇವಾಗ ದೂರು ಬೇರೆ ಬಂದಿದೆ."

ದೂರು ಕೊಟ್ಟವನು ಪ್ಲಾಮೆನ್, ಏಳನೇ ತರಗತಿಯ ಕಲಿನಾಳ ಅಪ್ಪ. ಸ್ಪೇನಿನಲ್ಲಿ ಲಾರಿ ಓಡಿಸುತ್ತಾನೆ. ತಾಯಿ ರಾಜಧಾನಿ ಸೋಫಿಯಾದಲ್ಲಿ ಬೇರೆ ಸಂಸಾರ ಹೂಡಿದ್ದಾಳೆ; ಹುಡುಗಿ ಇರುವುದು ಅಜ್ಜಿಯ ಜೊತೆ. 'ಸಂಜೆ ಆರಕ್ಕೆ ನಾನು ಹೆದ್ದಾರಿಯಲ್ಲಿರುತ್ತೇನೆ, ಮಗಳ ಅಂಕಗಳನ್ನು ದಯವಿಟ್ಟು ಹಗಲಲ್ಲೇ ಹಾಕಿಸಿ' ಎಂದು ಬರೆದಿದ್ದ.

"ಬೈಯೋಕೂ ಎಷ್ಟು ಅವಸರ ನೋಡು ಮಾರಾಯನಿಗೆ!" ಎಂದಳು ನೆವೆನಾ. "ನಿನ್ನ ಎರಡನ್ನ ನಿಮ್ಮಮ್ಮಂಗೆ ಹೇಳೋಕೆ ನೀನು ಮೂರು ದಿನ ತಗೊಂಡಿದ್ದೆ ವೆಸೆಲಾ. ನಾನೇನಾದ್ರೂ ಕೇಳಿದ್ನಾ?"

ವೆಸೆಲಾಳ ಕಿವಿ ಕೆಂಪಾಯಿತು. "ಕೇಳ್ಲಿಲ್ಲ. ಆದ್ರೆ ಇನ್ಮೇಲೆ ಗಂಟೆ ಹೊಡೆಯೋದ್ರೊಳಗೆ ಹಾಕ್ಲೇಬೇಕು ಟೀಚರ್. ಇಲ್ಲಾಂದ್ರೆ ನಾನು ನಿಮಗೆ ನೋಟೀಸು ಕೊಡ್ಬೇಕಾಗುತ್ತೆ. ಆ ಪಾಪ ನನಗೆ ಕಟ್ಟಬೇಡಿ."

ನೆವೆನಾ ವಾದ ಮಾಡಲಿಲ್ಲ. ವಾದ ಮಾಡುವ ತ್ರಾಣವಿದ್ದರೆ ಅದನ್ನು ಮೆಟ್ಟಿಲಿಗೆ ಇಟ್ಟುಕೊಳ್ಳಬಹುದಿತ್ತು.

ಗುರುವಾರ ಪರೀಕ್ಷೆಯ ಹಾಳೆಗಳನ್ನು ಹಂಚುವ ದಿನ. ಮಕ್ಕಳ ಫೋನುಗಳೆಲ್ಲ ಎಂದಿನಂತೆ ಮೇಜಿನ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿದ್ದವು. ತರಗತಿಯಲ್ಲಿ ಎರಡು ಬಂದಿದ್ದು ಒಬ್ಬಳಿಗೇ, ಕಲಿನಾಗೆ. ನಾಲ್ಕು ಲೆಕ್ಕವನ್ನೂ ಪೆನ್ಸಿಲ್ಲಿನಲ್ಲಿ ಮಾಡಿ, ಕೊನೆಗೆ ನಾಲ್ಕರ ಮೇಲೂ ಪೆನ್ನಿನಿಂದ ಕಾಟು ಹೊಡೆದಿದ್ದಳು. ಕಾಟು ಹೊಡೆದದ್ದಕ್ಕೆ ಅಂಕವಿಲ್ಲ, ಅದನ್ನು ಓದುವ ಪದ್ಧತಿಯೂ ಇಲ್ಲ. ಗಾಬರಿಬಿದ್ದಿದ್ದಾಳೆ ಪಾಪ ಎಂದುಕೊಂಡಿದ್ದಳು ನೆವೆನಾ. ಉಳಿದವರ ಅಂಕಗಳನ್ನೆಲ್ಲ ಏರಿಸಿ, ಇದೊಂದನ್ನು ಬಾಕಿ ಇಟ್ಟುಕೊಂಡು, ಹುಡುಗಿಯನ್ನು ಮೇಜಿನ ಬಳಿ ಕರೆದಳು. ಗಂಟೆ ಹೊಡೆಯಲು ಹದಿನೈದು ನಿಮಿಷವಿತ್ತು.

"ಫೋನ್ ತಗೊಂಡು ಹೊರಗೆ ಹೋಗು," ಎಂದಳು ಮೆಲ್ಲಗೆ. "ನಾನು ಒತ್ತೋಕೆ ಮುಂಚೆ ಅಪ್ಪಂಗೆ ನೀನೇ ಹೇಳ್ಬಿಡು."

ಹುಡುಗಿ ಅಲುಗಲಿಲ್ಲ. "ಬೇಡ ಟೀಚರ್. ನೀವೇ ಹಾಕ್ಬಿಡಿ."

"ಹೆದರ್ಕೋಬೇಡ್ವೇ."

"ಹೆದರಿಕೆ ಏನಿಲ್ಲ. ನಾನು ಫೋನ್ ಮಾಡಿದ್ರೆ ಅಪ್ಪ ಎತ್ತಲ್ಲ, ಲಾರಿಗೆ ಲೋಡಿಂಗ್ ನಡೀತಿರುತ್ತೆ. ಆಮೇಲೆ ಮಾಡ್ತೀನಿ ಮರಿ ಅಂತ ಮೆಸೇಜು ಬರುತ್ತೆ. ಆಮೇಲೆ ಮಾಡಲ್ಲ."

"ನಾನು ಹಾಕಿದ್ರೆ?"

"ಎರಡು ಬಿದ್ರೆ ಕೆಲಸ ಬಿಟ್ಟು ಫೋನ್ ಮಾಡ್ತಾರೆ. ನೀವು ಸಂಜೆ ಹಾಕ್ತೀರಾ, ಆಗ ಅವರು ಗಾಡಿ ಮೇಲಿರ್ತಾರೆ. ಅದಕ್ಕೇ ನಾನೇ ಮೆಸೇಜಲ್ಲಿ ಹೇಳಿ ಕಂಪ್ಲೇಂಟ್ ಬರೆಸ್ದೆ. ಬೇಜಾರು ಮಾಡ್ಕೋಬೇಡಿ ಟೀಚರ್," ಎಂದಳು.

"ಆರು ಬಂದ್ರೆ ಏನ್ಮಾಡ್ತಾರೆ ನಿಮ್ಮಪ್ಪ?"

"ಹೆಬ್ಬೆರಳಿನ ಚಿತ್ರ ಕಳಿಸ್ತಾರೆ."

ನೆವೆನಾ ಹಾಳೆಯನ್ನು ಮತ್ತೆ ಎತ್ತಿಕೊಂಡಳು. ಕಾಟಿನ ಕೆಳಗಿನ ಸಾಲುಗಳನ್ನು ಒಂದೊಂದಾಗಿ ಓದಿದಳು. ನಾಲ್ಕು ಲೆಕ್ಕವೂ ಸರಿಯಾಗಿದ್ದವು, ಕೊನೆಯ ಉತ್ತರದವರೆಗೂ. ಅವಳು ತಲೆಯೆತ್ತಿದಾಗ ಕಲಿನಾ ತನ್ನ ಶೂ ನೋಡಿಕೊಳ್ಳುತ್ತಿದ್ದಳು.

ಆರು ವರ್ಷದಿಂದ ನೆವೆನಾ ಎಲ್ಲ ಮಕ್ಕಳನ್ನೂ ತನ್ನಂತೆಯೇ ಅಂದುಕೊಂಡಿದ್ದಳು. ದಂಡೆಯ ಮೇಲೆ ಅಲೆದು ಮನೆಗೆ ಹೋದರೆ ಬೂಟು ಬಿಚ್ಚುತ್ತ ಕೂತ ಅಪ್ಪನೊಬ್ಬ ಎಲ್ಲರಿಗೂ ಇರುತ್ತಾನೆ ಎಂದುಕೊಂಡಿದ್ದಳು. ತಾನು ಕೊಟ್ಟೆನೆಂದು ಬೀಗಿದ ಆ ಕೆಲವು ಗಂಟೆಗಳು ಈ ಮಗುವಿನಿಂದ ಕಿತ್ತುಕೊಂಡದ್ದೆಷ್ಟೋ! ಹಾಳೆಗೆ ಸಲ್ಲಬೇಕಾದದ್ದು ಆರು. ಆರು ಹಾಕಿದರೆ ಹೆಬ್ಬೆರಳು ಬರುತ್ತದೆ. ಮೂವತ್ತನಾಲ್ಕು ವರ್ಷದಲ್ಲಿ ಒಂದು ಅಂಕ ಹಾಕಲು ಅವಳು ಇಷ್ಟು ಹೊತ್ತು ಕೂತದ್ದಿಲ್ಲ.

ಎರಡನ್ನು ಒತ್ತಿದಳು.

ಒಂದು ನಿಮಿಷವೂ ಆಗಿರಲಿಲ್ಲ, ಬಿಸ್ಕತ್ತಿನ ಡಬ್ಬಿ ಗಡಗಡ ನಡುಗತೊಡಗಿತು. ಮಕ್ಕಳೆಲ್ಲ ನಕ್ಕರು. ನೆವೆನಾ ಮುಚ್ಚಳ ತೆಗೆದು ಫೋನನ್ನು ಕಲಿನಾಳ ಕೈಗಿಟ್ಟು, ಬಾಗಿಲ ಕಡೆ ತಲೆಯಾಡಿಸಿದಳು. ಹೊರಗಿನಿಂದ ಗಂಡಸಿನ ಜೋರು ದನಿಯೂ, ನಡುನಡುವೆ "ಹ್ಞೂ ಅಪ್ಪ, ಹ್ಞೂ ಅಪ್ಪ" ಎಂಬುದೂ ಕೇಳುತ್ತಿತ್ತು.

ಗಂಟೆ ಹೊಡೆಯುವ ಹೊತ್ತಿಗೆ ಹುಡುಗಿ ಒಳಗೆ ಬಂದಳು. ಕಣ್ಣು ಒದ್ದೆಯಾಗಿತ್ತು, ಕೆನ್ನೆ ಕೆಂಪಗಿತ್ತು.

"ಬೈದ್ರಾ?" ಎಂದಳು ನೆವೆನಾ.

"ಹ್ಞೂ ಟೀಚರ್," ಎಂದಳು ಕಲಿನಾ, ಮುಖವೆಲ್ಲ ಅರಳಿಸಿಕೊಂಡು. "ಎಂಟು ನಿಮಿಷ!"